ಬೆನ್ನುಹುರಿಯ ಗಾಯ, ನರಗಳ ದುರಸ್ತಿ ಮತ್ತು ಪ್ರೋಟೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರೂ ಅವರ ಮನೆಯವರೂ ‘ನರ ಚಿಗುರಿಸುವ ಪ್ರೋಟೀನ್ ಪತ್ತೆ’ ಎಂಬಂಥ ಸುದ್ದಿಯನ್ನು ಎಂದಾದರೊಮ್ಮೆ ಓದಿಯೇ ಇರುತ್ತಾರೆ. ಆ ಸುದ್ದಿಗಳು ಸಾಮಾನ್ಯವಾಗಿ ಸುಳ್ಳಲ್ಲ. ಆದರೆ ಅದರಲ್ಲಿ ಇಲಿಗೆ ಸೇರಿದ್ದು ಎಷ್ಟು, ಮನುಷ್ಯನಿಗೆ ಸೇರಿದ್ದು ಎಷ್ಟು ಎಂದು ಬಿಡಿಸಿ ಹೇಳುವವರು ಕಡಿಮೆ. ಇಲ್ಲಿನ ಉತ್ತರಗಳಲ್ಲಿ ಆ ಪ್ರಯತ್ನವಿದೆ.

ಬೆನ್ನುಹುರಿಗೆ ಪೆಟ್ಟಾದಾಗ ಒಳಗೆ ತುಂಡಾಗುವುದು ಏನು?

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದೆ ಉಳಿಯುವುದು ಆಕ್ಸಾನ್, ಅಂದರೆ ನರಕೋಶದಿಂದ ಹೊರಟು ಸಂದೇಶ ಒಯ್ಯುವ ಉದ್ದನೆಯ ತಂತು. ಕಾಲಿನ ಚಲನೆಯನ್ನು ನಿಯಂತ್ರಿಸುವ ನರಕೋಶ ಮಿದುಳಿನ ಮೇಲ್ಪದರದಲ್ಲಿ ಕುಳಿತು ತನ್ನ ತಂತುವನ್ನು ಬೆನ್ನುಹುರಿಯ ಕೆಳತುದಿಯ ಹತ್ತಿರದವರೆಗೂ ಚಾಚಿರುತ್ತದೆ. ಕುತ್ತಿಗೆಯಲ್ಲಿ ಪೆಟ್ಟಾದರೆ ತಂತು ನಡುವೆ ಕಡಿಯುತ್ತದೆ, ತಲೆಯೊಳಗಿನ ಕೋಶ ಬಹುಮಟ್ಟಿಗೆ ಬದುಕಿಯೇ ಇರುತ್ತದೆ. ದುರಸ್ತಿಯ ಸಂಶೋಧನೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಕೋಶವೇ ಸತ್ತಿದ್ದರೆ ದುರಸ್ತಿಯ ಮಾತೇ ಇರುತ್ತಿರಲಿಲ್ಲ.

ಪೆಟ್ಟು ಬಿದ್ದ ಕ್ಷಣಕ್ಕೇ ಹಾನಿ ಮುಗಿಯುವುದಿಲ್ಲ. ಮುಂದಿನ ಗಂಟೆಗಳಲ್ಲಿ ಮತ್ತು ದಿನಗಳಲ್ಲಿ ರಕ್ತಸ್ರಾವ, ಊತ, ಉರಿಯೂತಗಳು ಪಕ್ಕದ ಆರೋಗ್ಯವಂತ ಅಂಗಾಂಶವನ್ನೂ ಆಕ್ರಮಿಸುತ್ತವೆ. ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದರಿಂದ ಎಚ್ಚೆತ್ತ ಕ್ಯಾಲ್ಪೇನ್ ಎಂಬ ಕಿಣ್ವಗಳು ತಂತುವಿನ ಒಳಚೌಕಟ್ಟನ್ನು ಕತ್ತರಿಸಿ ಹಾಕುತ್ತವೆ.

ಕಡಿದ ತಂತುವಿನ ಕೆಳಭಾಗ ಏನಾಗುತ್ತದೆ?

ಅದು ಶಿಥಿಲವಾಗಿ ಕರಗುತ್ತದೆ. ಆಗಸ್ಟಸ್ ವಾಲರ್ 1850ರಲ್ಲಿಯೇ ಕಪ್ಪೆಯ ನಾಲಿಗೆಯ ನರಗಳಲ್ಲಿ ಇದನ್ನು ಗಮನಿಸಿದ್ದರು. ಆಹಾರ ಸಿಗದೆ ತಂತು ಸೊರಗಿ ಸಾಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ನಿಜಸ್ಥಿತಿ ಬೇರೆಯೇ ಇತ್ತು: ತಂತುವಿನೊಳಗೇ ಒಂದು ಸ್ವನಾಶದ ವ್ಯವಸ್ಥೆಯಿದೆ. ಎಸ್‌ಎಆರ್‌ಎಂ1 ಎಂಬ ಪ್ರೋಟೀನ್ ಚಾಲೂ ಆದರೆ ಕೋಶದ ಶಕ್ತಿಗೆ ಅತ್ಯಗತ್ಯವಾದ ಎನ್‌ಎಡಿ ಎಂಬ ಅಣುವನ್ನು ಒಡೆದುಹಾಕುತ್ತದೆ, ತಂತು ಕುಸಿಯುತ್ತದೆ. ಈ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕಡಿದ ತಂತು ಹಲವು ದಿನ, ಕೆಲವೊಮ್ಮೆ ವಾರಗಳವರೆಗೂ ಉಳಿದುಕೊಂಡಿದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೂರ್ತಿ ಕಡಿಯದೆ ಜಜ್ಜಿಹೋಗಿರುವ ತಂತುಗಳನ್ನು ಉಳಿಸಿಕೊಳ್ಳಲು ಈ ತಿಳಿವಳಿಕೆ ಮುಂದೆ ನೆರವಾಗಬಹುದು ಎಂಬುದು ನನ್ನ ಆಸೆ, ಸಂಶೋಧಕರದೂ ಹೌದು.

ಕೈಯ ನರ ಕಡಿದರೆ ಮತ್ತೆ ಬೆಳೆಯುತ್ತದೆ, ಬೆನ್ನುಹುರಿ ಏಕೆ ಬೆಳೆಯುವುದಿಲ್ಲ?

ಕೈಕಾಲುಗಳ ನರಗಳಲ್ಲಿ ತಂತುವಿಗೆ ಹೊದಿಕೆ ಕೊಡುವುದು ಶ್ವಾನ್ ಕೋಶಗಳು. ನರ ಕಡಿದೊಡನೆ ಅವು ತಮ್ಮ ಕೆಲಸವನ್ನೇ ಬದಲಿಸಿಕೊಳ್ಳುತ್ತವೆ. ಹಳೆಯ ಮಯಲಿನ್ ಹೊದಿಕೆಯನ್ನು ಬಿಚ್ಚಿಹಾಕಿ, ಸಾಲಾಗಿ ನಿಂತು ದಾರಿ ಮಾಡಿಕೊಟ್ಟು, ಬೆಳವಣಿಗೆಗೆ ಬೇಕಾದ ಪ್ರೋಟೀನ್‌ಗಳನ್ನು ಸುರಿಸುತ್ತವೆ. ಮ್ಯಾಕ್ರೋಫೇಜ್ ಕೋಶಗಳು ಬಂದು ಕೆಲವೇ ವಾರಗಳಲ್ಲಿ ಅವಶೇಷಗಳನ್ನು ತಿಂದು ಸ್ವಚ್ಛ ಮಾಡುತ್ತವೆ. ತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮುಂದುವರಿಯುತ್ತದೆ.

ಬೆನ್ನುಹುರಿಯಲ್ಲಿ ಹೊದಿಕೆ ಕೊಡುವುದು ಆಲಿಗೋಡೆಂಡ್ರೋಸೈಟ್‌ಗಳು. ಅವು ಹೀಗೆ ಪಾತ್ರ ಬದಲಿಸುವುದಿಲ್ಲ. ಒಡೆದ ಮಯಲಿನ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ, ಮತ್ತು ಅದರಲ್ಲಿರುವ ಕೆಲವು ಪ್ರೋಟೀನ್‌ಗಳು ಬೆಳೆಯಲು ಹೊರಟ ತಂತುವನ್ನು ತಡೆಯುತ್ತವೆ. ಗಾಯದ ಸುತ್ತ ಕಲೆ ಕಟ್ಟುತ್ತದೆ. ಇದೆಲ್ಲಕ್ಕಿಂತ ಮಿಗಿಲಾಗಿ, ಪ್ರೌಢ ನರಕೋಶವೇ ತನ್ನ ಬೆಳವಣಿಗೆಯ ಜೀನ್‌ಗಳನ್ನು ಬಹುಪಾಲು ಆರಿಸಿಬಿಟ್ಟಿರುತ್ತದೆ.

ಹಾಗಾದರೆ ಆ ನರಕೋಶಗಳಿಗೆ ಬೆಳೆಯುವ ಶಕ್ತಿಯೇ ಇಲ್ಲವೇ?

ಇದೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯಲೋಕ ‘ಇಲ್ಲ’ ಎಂದೇ ನಂಬಿತ್ತು. ಕಡಿದ ತಂತು ಸ್ವಲ್ಪ ಚಿಗುರಿ, ನಂತರ ಸೋತು ನಿಲ್ಲುವುದನ್ನು ಸ್ಪೇನಿನ ಸಾಂಟಿಯಾಗೋ ರಾಮೋನ್ ಇ ಕಹಾಲ್ ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿದ್ದರು. ಬೆಳೆಯುವ ತಂತುವಿನ ತುದಿಯಲ್ಲಿರುವ ‘ಬೆಳವಣಿಗೆ ಶಂಕು’ವನ್ನು 1890ರಲ್ಲಿ ಮೊದಲು ವರ್ಣಿಸಿದವರೂ ಅವರೇ. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೋ ಒಂದು ಸರಳವಾದ, ನಿರ್ಣಾಯಕ ಪ್ರಯೋಗ ಮಾಡಿದರು. ಇಲಿಯ ಕಾಲಿನ ನರದ ತುಂಡೊಂದನ್ನು ಮಿದುಳುಕಾಂಡ ಮತ್ತು ಬೆನ್ನುಹುರಿಯ ನಡುವೆ ಸೇತುವಾಗಿ ಇಟ್ಟರು. ಬೆಳೆಯಲಾರವು ಎನ್ನಲಾಗುತ್ತಿದ್ದ ನರಕೋಶಗಳು ಆ ತುಂಡಿನೊಳಗೆ ಸುಮಾರು ಮೂರು ಸೆಂಟಿಮೀಟರ್ ತಂತು ಬೆಳೆಸಿದವು. ಆಚೆ ತುದಿ ತಲುಪಿ ಮತ್ತೆ ಬೆನ್ನುಹುರಿಯನ್ನು ಹೊಕ್ಕೊಡನೆ ನಿಂತುಬಿಟ್ಟವು.

ಆ ನಿಲುಗಡೆಯನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನದಲ್ಲೇ ಮುಂದಿನ ನಾಲ್ಕು ದಶಕಗಳ ಕೆಲಸ ನಡೆದಿದೆ.

ಬೆಳವಣಿಗೆಯನ್ನು ತಡೆಯುವ ಪ್ರೋಟೀನ್‌ಗಳು ಯಾವುವು? ಅವು ದೇಹದಲ್ಲಿ ಇರುವುದಾದರೂ ಏಕೆ?

ಅತಿ ಹೆಚ್ಚು ಅಧ್ಯಯನವಾಗಿರುವುದು ನೋಗೋ-ಎ. ಮಯಲಿನ್‌ನಲ್ಲಿ ತಡೆಯುವ ಅಂಶವಿದೆ ಎಂದು ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಮಾರ್ಟಿನ್ ಶ್ವಾಬ್ ಅವರ ತಂಡ 1988ರಲ್ಲಿ ತೋರಿಸಿತು. ಅದರ ಜೀನ್ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಎಂಎಜಿ ಮತ್ತು ಓಎಂಜಿಪಿ ಎಂಬ ಇನ್ನೆರಡು ಮಯಲಿನ್ ಪ್ರೋಟೀನ್‌ಗಳೂ ಇದೇ ಗುಂಪಿನವು. ವಿಶೇಷವೆಂದರೆ ಈ ಮೂರೂ ತಂತುವಿನ ಮೇಲಿರುವ ಒಂದೇ ಗ್ರಾಹಕಕ್ಕೆ ಅಂಟಿಕೊಳ್ಳಬಲ್ಲವು. ಅಂಟಿಕೊಂಡಾಗ ತಂತುವಿನೊಳಗೆ ಆರ್‌ಎಚ್‌ಓ-ಎ ಎಂಬ ಪ್ರೋಟೀನ್ ಚಾಲೂ ಆಗುತ್ತದೆ, ಬೆಳವಣಿಗೆ ಶಂಕುವಿನ ಆಕ್ಟಿನ್ ಎಳೆಗಳು ಮುದುಡುತ್ತವೆ, ತುದಿ ಕುಸಿಯುತ್ತದೆ.

ಇವು ನಮ್ಮ ಶತ್ರುಗಳಲ್ಲ. ಪ್ರೌಢ ನರವ್ಯೂಹದಲ್ಲಿ ಕೋಟ್ಯಂತರ ಸಂಪರ್ಕಗಳು ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿರಬೇಕು. ಹೊಸ ತಂತುಗಳು ಮನಬಂದಂತೆ ಚಿಗುರಿದರೆ ಕಲಿತದ್ದು ಅಳಿಯಬಹುದು, ನೋವು ಅಥವಾ ಸೆಳವು ಹುಟ್ಟಬಹುದು. ಆರೋಗ್ಯವಂತ ದೇಹಕ್ಕೆ ಬೇಕಾದ ಈ ಕಟ್ಟುಪಾಡು ಗಾಯಗೊಂಡ ದೇಹಕ್ಕೆ ಮುಳುವಾಗಿರುವುದೇ ಇಲ್ಲಿನ ದುಃಖದ ಸಂಗತಿ.

ನೋಗೋ ತಡೆಯುವ ಔಷಧ ಮನುಷ್ಯರಲ್ಲಿ ಕೆಲಸ ಮಾಡಿದೆಯೇ?

ಇಲಿಗಳಲ್ಲಿ ಮತ್ತು ಕೋತಿಗಳಲ್ಲಿ ನೋಗೋ-ಎ ವಿರುದ್ಧದ ಪ್ರತಿಕಾಯ ಒಳ್ಳೆಯ ಫಲ ಕೊಟ್ಟ ಮೇಲೆ ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ಮನುಷ್ಯರಲ್ಲಿ ಪರೀಕ್ಷೆ ನಡೆಸಿದವು. ಕುತ್ತಿಗೆಯ ಮಟ್ಟದಲ್ಲಿ ಇತ್ತೀಚೆಗಷ್ಟೇ ಗಾಯಗೊಂಡ ನೂರಕ್ಕೂ ಹೆಚ್ಚು ಜನರಿಗೆ ಪ್ರತಿಕಾಯವನ್ನೋ ಪೊಳ್ಳು ಔಷಧವನ್ನೋ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುಮದ್ದಾಗಿ ಕೊಡಲಾಯಿತು. 2024ರ ಕೊನೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ರೋಗಿಗಳನ್ನೂ ಒಟ್ಟಾಗಿ ನೋಡಿದಾಗ ಕೈಗಳ ಬಲದಲ್ಲಿ ಎರಡು ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. ಆದರೆ ಗಾಯ ಅಪೂರ್ಣವಾಗಿದ್ದವರಲ್ಲಿ, ಅಂದರೆ ಕೆಲವು ತಂತುಗಳಾದರೂ ಉಳಿದಿದ್ದವರಲ್ಲಿ, ಪ್ರಯೋಜನದ ಸೂಚನೆ ಸಿಕ್ಕಿತು.

ಇದನ್ನು ಗೆಲುವು ಎನ್ನುವುದು ತಪ್ಪು, ಸೋಲು ಎಂದು ಮಡಿಚಿಡುವುದೂ ತಪ್ಪು. ಒಂದು ಗುಂಪಿನಲ್ಲಿ ಮಾತ್ರ ಕಂಡ ಫಲವನ್ನು ಅದೇ ಬಗೆಯ ರೋಗಿಗಳಲ್ಲಿ ಹೊಸದಾಗಿ ಪರೀಕ್ಷಿಸಿ ದೃಢಪಡಿಸಬೇಕು. ಆರ್‌ಎಚ್‌ಓ ತಡೆಯುವ ಮತ್ತೊಂದು ಔಷಧದ ದೊಡ್ಡ ಪರೀಕ್ಷೆ ಫಲ ಕಾಣದೆ 2018ರಲ್ಲಿ ನಿಂತುಹೋಯಿತು ಎಂಬುದನ್ನೂ ನೆನಪಿಡೋಣ.

ತಂತು ಕಡಿದ ಸುದ್ದಿ ಅಷ್ಟು ದೂರದ ಕೋಶಕ್ಕೆ ಹೇಗೆ ಮುಟ್ಟುತ್ತದೆ?

ನನಗೆ ಇಡೀ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಭಾಗವಿದು. ಗಾಯದ ಜಾಗದಿಂದ ಕೋಶಕೇಂದ್ರಕ್ಕೆ ಅರ್ಧ ಮೀಟರಿಗಿಂತ ಹೆಚ್ಚಿನ ದೂರ ಇರಬಹುದು. ಮೊದಲು ಕ್ಯಾಲ್ಸಿಯಂ ಅಲೆಯೊಂದು ತಂತುವಿನುದ್ದಕ್ಕೂ ಹಿಂದಕ್ಕೆ ಓಡುತ್ತದೆ. ಅದರ ಹಿಂದೆ ನಿಧಾನವಾದ, ಆದರೆ ಹೆಚ್ಚು ವಿವರಗಳಿರುವ ಸಂದೇಶ ಹೊರಡುತ್ತದೆ. ತಂತುವಿನಲ್ಲೇ ಮೊದಲೇ ದಾಸ್ತಾನಾಗಿರುವ ಆರ್‌ಎನ್‌ಎಯಿಂದ ಇಂಪೋರ್ಟಿನ್‌ನಂಥ ಪ್ರೋಟೀನ್‌ಗಳು ಗಾಯದ ಬಳಿಯೇ ತಯಾರಾಗುತ್ತವೆ, ಸಂದೇಶವಾಹಕಗಳನ್ನು ಕಟ್ಟಿಕೊಳ್ಳುತ್ತವೆ, ಡೈನೀನ್ ಎಂಬ ಮೋಟಾರ್ ಪ್ರೋಟೀನ್ ಅವನ್ನೆಲ್ಲ ಸೂಕ್ಷ್ಮನಾಳಗಳ ಮೇಲೆ ಕೋಶದೆಡೆಗೆ ಎಳೆದೊಯ್ಯುತ್ತದೆ. ಡಿಎಲ್‌ಕೆ ಎಂಬ ಕಿಣ್ವವೂ ಈ ಸರಣಿಯಲ್ಲಿ ಮುಖ್ಯ.

ಸುದ್ದಿ ಕೇಂದ್ರ ಮುಟ್ಟಿದ ಮೇಲೆ ಎಟಿಎಫ್3, ಸಿ-ಜುನ್, ಸ್ಟ್ಯಾಟ್3 ಎಂಬ ಪ್ರೋಟೀನ್‌ಗಳು ಡಿಎನ್‌ಎ ಮೇಲೆ ಕುಳಿತು ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ಜಿಎಪಿ-43ರಂಥ ಬೆಳವಣಿಗೆಯ ಪ್ರೋಟೀನ್‌ಗಳು ತಯಾರಾಗುತ್ತವೆ. ಟ್ಯುಬುಲಿನ್, ಆಕ್ಟಿನ್‌ಗಳು ಹೊಸ ಚೌಕಟ್ಟಿಗಾಗಿ ತುದಿಯ ಕಡೆಗೆ ಸಾಗುತ್ತವೆ. ಕೈಕಾಲಿನ ನರ ಕಡಿದಾಗ ಇದೆಲ್ಲ ಜೋರಾಗಿ ನಡೆಯುತ್ತದೆ, ಬೆನ್ನುಹುರಿಯೊಳಗೆ ಕಡಿದಾಗ ತೀರಾ ಕ್ಷೀಣವಾಗಿ.

ಇದಕ್ಕೆ ಅಚ್ಚುಕಟ್ಟಾದ ಸಾಕ್ಷಿಯೊಂದಿದೆ. ಬೆನ್ನುಮೂಳೆಯ ಪಕ್ಕದ ಗಂಟುಗಳಲ್ಲಿರುವ ಸಂವೇದನಾ ನರಕೋಶಕ್ಕೆ ಎರಡು ಕವಲುಗಳು: ಒಂದು ಚರ್ಮದ ಕಡೆಗೆ, ಇನ್ನೊಂದು ಬೆನ್ನುಹುರಿಯೊಳಕ್ಕೆ. ಬೆನ್ನುಹುರಿಯೊಳಗಿನ ಕವಲು ಕಡಿದರೆ ಬೆಳೆಯುವುದಿಲ್ಲ. ಆದರೆ ಹೊರಗಿನ ಕವಲನ್ನು ಮೊದಲು ಕಡಿದಿದ್ದರೆ, ಎಚ್ಚೆತ್ತ ಅದೇ ಕೋಶ ಬೆನ್ನುಹುರಿಯೊಳಗಿನ ಕವಲನ್ನೂ ಬೆಳೆಸುತ್ತದೆ. ಸುತ್ತಲಿನ ತಡೆಗಳು ಹಾಗೆಯೇ ಇದ್ದರೂ ಒಳಗಿನಿಂದ ಎಚ್ಚೆತ್ತ ಕೋಶ ಅವುಗಳನ್ನು ಸ್ವಲ್ಪಮಟ್ಟಿಗೆ ಮೀರಬಲ್ಲದು ಎಂದು ನಮಗೆ ಗೊತ್ತಾಗಿದ್ದು ಹೀಗೆ.

ಪಿಟೆನ್ ಬಗ್ಗೆ ಓದಿದೆ. ಅದನ್ನು ತೆಗೆದರೆ ನರ ಬೆಳೆಯುತ್ತದೆಯೇ?

ಪಿಟೆನ್ ಎಂಬುದು ಕೋಶದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಪ್ರೋಟೀನ್. ಎಂಟಾರ್ ಎಂಬ ವ್ಯವಸ್ಥೆಯ ಮೂಲಕ ಕೋಶ ಎಷ್ಟು ಹೊಸ ಪ್ರೋಟೀನ್ ತಯಾರಿಸಬೇಕು ಎಂಬುದರ ಮೇಲೆ ಅದರ ಅಂಕುಶವಿದೆ. 2008ರಲ್ಲಿ ಇಲಿಗಳ ಕಣ್ಣಿನ ನರದಲ್ಲಿ, 2010ರಲ್ಲಿ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ತಂತುಗಳಲ್ಲಿ ಪಿಟೆನ್ ಜೀನ್ ಅಳಿಸಿದಾಗ ಹಿಂದೆಂದೂ ಕಾಣದಷ್ಟು ಬೆಳವಣಿಗೆ ಕಂಡಿತು. ಎಸ್‌ಓಸಿಎಸ್3 ಎಂಬ ಇನ್ನೊಂದು ಪ್ರೋಟೀನನ್ನೂ ಜೊತೆಗೆ ಅಳಿಸಿದಾಗ ಕಣ್ಣಿನ ನರ ಇನ್ನೂ ದೂರ ಬೆಳೆಯಿತು.

ಮನುಷ್ಯರಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಪಿಟೆನ್ ದೇಹವನ್ನು ಕ್ಯಾನ್ಸರಿನಿಂದ ಕಾಯುವ ಪ್ರಮುಖ ಪ್ರೋಟೀನ್‌ಗಳಲ್ಲಿ ಒಂದು. ಬೇಕಾದ ಕೋಶದಲ್ಲಿ, ಬೇಕಾದಷ್ಟು ಕಾಲ ಮಾತ್ರ ಅದನ್ನು ತಗ್ಗಿಸುವ ದಾರಿ ಸಿಗದೆ ಇದು ಚಿಕಿತ್ಸೆಯಾಗಲಾರದು.

ಗಾಯದ ಕಲೆಯನ್ನು ತೆಗೆದುಹಾಕಿದರೆ ಸಾಲದೇ?

ಬಹಳ ಕಾಲ ಹಾಗೆಯೇ ಯೋಚಿಸಲಾಗಿತ್ತು. ಗಾಯದ ಸುತ್ತ ಆಸ್ಟ್ರೋಸೈಟ್‌ಗಳು, ಅಂದರೆ ನರಕೋಶಗಳಿಗೆ ಆಸರೆಯಾಗಿರುವ ನಕ್ಷತ್ರಾಕಾರದ ಕೋಶಗಳು, ಒತ್ತೊತ್ತಾಗಿ ಸೇರುತ್ತವೆ. ಅಲ್ಲಿ ಕೊಂಡ್ರಾಯ್ಟಿನ್ ಸಲ್ಫೇಟ್ ಪ್ರೋಟಿಯೋಗ್ಲೈಕನ್‌ಗಳು, ಅಂದರೆ ಉದ್ದ ಸಕ್ಕರೆ ಸರಪಳಿಗಳನ್ನು ಹೊತ್ತ ಪ್ರೋಟೀನ್‌ಗಳು, ಶೇಖರವಾಗಿ ತಂತುವನ್ನು ತಡೆಯುತ್ತವೆ. ಬ್ಯಾಕ್ಟೀರಿಯಾದಿಂದ ಪಡೆದ ಕೊಂಡ್ರಾಯ್ಟಿನೇಸ್ ಎಂಬ ಕಿಣ್ವ ಆ ಸರಪಳಿಗಳನ್ನು ಕತ್ತರಿಸುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕಿಣ್ವ ಪಡೆದ ಇಲಿಗಳು ಕೆಲವು ಚಲನೆಗಳನ್ನು ಮರಳಿ ಪಡೆದವು. ದೇಹದ ಉಷ್ಣತೆಯಲ್ಲಿ ಕಿಣ್ವ ಬೇಗ ಶಕ್ತಿ ಕಳೆದುಕೊಳ್ಳುವುದು ದೊಡ್ಡ ಅಡಚಣೆ. ಬಾಳಿಕೆ ಬರುವ ರೂಪಗಳಿಗಾಗಿ, ಜೀನ್ ಚಿಕಿತ್ಸೆಯ ಮೂಲಕ ಅದನ್ನು ಅಲ್ಲಿಯೇ ತಯಾರಿಸುವುದಕ್ಕಾಗಿ ಕೆಲಸ ನಡೆದಿದೆ.

ಆದರೆ ಕಲೆಯನ್ನು ಪೂರ್ತಿ ಖಳನಾಯಕನನ್ನಾಗಿ ಮಾಡುವುದು ಅನ್ಯಾಯ. ಇಲಿಗಳಲ್ಲಿ ಆಸ್ಟ್ರೋಸೈಟ್ ಕಲೆ ಕಟ್ಟದಂತೆ ತಡೆದಾಗ ತಂತುಗಳು ಬೆಳೆಯಲಿಲ್ಲ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬದಲಿಗೆ, ಕಲೆ ಇರುವಾಗಲೇ ಸರಿಯಾದ ಬೆಳವಣಿಗೆ ಪ್ರೋಟೀನ್‌ಗಳನ್ನು ಕೊಟ್ಟಾಗ ತಂತುಗಳು ಕಲೆಯ ಮೂಲಕವೇ ಹಾದುಹೋದವು. ಉರಿಯೂತ ಹರಡದಂತೆ ಬೇಲಿ ಹಾಕುವುದೂ ಅದೇ ಕಲೆ.

ನರ ಬೆಳೆಸುವ ಪ್ರೋಟೀನನ್ನೇ ಚುಚ್ಚುಮದ್ದಾಗಿ ಕೊಡಬಹುದಲ್ಲ?

ನರ ಬೆಳವಣಿಗೆ ಅಂಶ, ಅಂದರೆ ಎನ್‌ಜಿಎಫ್, 1950ರ ದಶಕದಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಕೆಲಸದಿಂದ ಬೆಳಕಿಗೆ ಬಂತು. ಸ್ಟ್ಯಾನ್ಲಿ ಕೊಹೆನ್ ಅವರೊಂದಿಗೆ 1986ರ ನೊಬೆಲ್ ಅವರಿಗೆ ಸಂದಿತು. ಆಮೇಲೆ ಬಿಡಿಎನ್‌ಎಫ್, ಎನ್‌ಟಿ-3, ಜಿಡಿಎನ್‌ಎಫ್ ಮುಂತಾದ, ನರಕೋಶಗಳನ್ನು ಪೋಷಿಸುವ ಇನ್ನಷ್ಟು ಪ್ರೋಟೀನ್‌ಗಳು ಸಿಕ್ಕವು. ಕೇಳಲು ಸುಲಭ: ಬೇಕಾದ ಪ್ರೋಟೀನ್ ಕೊಟ್ಟರೆ ನರ ಬೆಳೆಯುತ್ತದೆ.

ಮೊದಲ ತೊಡಕು ಸಾಗಣೆಯದು. ಇವು ದೊಡ್ಡ ಅಣುಗಳು. ರಕ್ತಕ್ಕೆ ಚುಚ್ಚಿದರೆ ಮಿದುಳು ಮತ್ತು ಬೆನ್ನುಹುರಿಯನ್ನು ಕಾಯುವ ತಡೆಗೋಡೆಯನ್ನು ದಾಟಲಾರವು, ಬೇಗ ಒಡೆದೂ ಹೋಗುತ್ತವೆ. ಎರಡನೆಯದು, ಒಂದೊಂದು ಬಗೆಯ ನರಕೋಶ ಒಂದೊಂದು ಪ್ರೋಟೀನಿಗೆ ಮಾತ್ರ ಓಗೊಡುತ್ತದೆ. ಎನ್‌ಜಿಎಫ್ ಹೆಚ್ಚಾಗಿ ಎಬ್ಬಿಸುವುದು ನೋವು ಒಯ್ಯುವ ತಂತುಗಳನ್ನು, ಬೇಕಾಗಿರುವುದು ಚಲನೆಯ ತಂತುಗಳು. ಬೆನ್ನುಹುರಿ ಗಾಯದವರಲ್ಲಿ ಅನೇಕರು ಈಗಾಗಲೇ ತೀವ್ರ ನರನೋವು ಅನುಭವಿಸುತ್ತಿರುವಾಗ ಇದು ಸಣ್ಣ ಅಪಾಯವಲ್ಲ. ಮೂರನೆಯದು, ಪ್ರೋಟೀನ್ ದಟ್ಟವಾಗಿರುವ ಜಾಗಕ್ಕೆ ಬಂದ ತಂತು ಅಲ್ಲೇ ಸುತ್ತಿಕೊಂಡು ನಿಲ್ಲುತ್ತದೆ, ಆಚೆ ಹೋಗುವುದಿಲ್ಲ. ಆದ್ದರಿಂದ ಪ್ರೋಟೀನ್ ಎಷ್ಟು, ಎಲ್ಲಿ, ಯಾವಾಗ ಎಂಬ ಮೂರೂ ಸರಿಯಾಗಬೇಕು.

ಮೀನುಗಳು ಬೆನ್ನುಹುರಿಯನ್ನು ಬೆಳೆಸಿಕೊಳ್ಳುವುದು ನಿಜವೇ?

ನಿಜ. ಬೆನ್ನುಹುರಿ ಪೂರ್ತಿ ಕಡಿದ ಜೀಬ್ರಾ ಮೀನು ಆರರಿಂದ ಎಂಟು ವಾರಗಳಲ್ಲಿ ಮತ್ತೆ ಈಜುತ್ತದೆ. ಗ್ಲಿಯಾ ಎಂಬ, ನರಕೋಶಗಳಿಗೆ ಆಸರೆಯಾಗಿರುವ ಕೋಶಗಳು ಗಾಯದ ಎರಡು ಬದಿಗಳ ನಡುವೆ ಸೇತುವೆ ಕಟ್ಟುತ್ತವೆ, ಇದಕ್ಕೆ ಸಿಟಿಜಿಎಫ್ ಎಂಬ ಪ್ರೋಟೀನ್ ಬೇಕೆಂದು 2016ರಲ್ಲಿ ತಿಳಿಯಿತು. ಅದೇ ಪ್ರೋಟೀನ್ ಮನುಷ್ಯರಲ್ಲೂ ಇದೆ. ಇನ್ನೂ ಹತ್ತಿರದ ಉದಾಹರಣೆ: ಹುಟ್ಟಿ ಒಂದೆರಡು ದಿನಗಳಾದ ಇಲಿಮರಿಯ ಬೆನ್ನುಹುರಿ ಕಲೆಯಿಲ್ಲದೆ ಮಾಯುತ್ತದೆ, ಅದರ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳು ಫೈಬ್ರೊನೆಕ್ಟಿನ್‌ನಂಥ ಪ್ರೋಟೀನ್‌ಗಳಿಂದ ಗಾಯವನ್ನು ಬೆಸೆಯುತ್ತವೆ. ಸಸ್ತನಿಗಳಿಗೂ ಈ ವಿದ್ಯೆ ಒಂದು ವಯಸ್ಸಿನಲ್ಲಿ ಇರುತ್ತದೆ ಎಂದಾಯಿತು.

ತಂತು ಗಾಯವನ್ನು ದಾಟಿ ಬೆಳೆದರೆ ನಡೆಯಲು ಸಾಧ್ಯವೇ?

ಅಷ್ಟೇ ಸಾಲದು. ಚಪ್ಪರಕ್ಕೆ ಹಬ್ಬಬೇಕಾದ ಬಳ್ಳಿ ಬೇಲಿಗೆ ಹಬ್ಬಿದರೆ ಬೆಳೆದಿದ್ದರೂ ಉಪಯೋಗವಿಲ್ಲ. ಸ್ವಿಟ್ಜರ್‌ಲೆಂಡ್ ಮತ್ತು ಅಮೆರಿಕದ ಸಂಶೋಧಕರು 2023ರಲ್ಲಿ ಇದನ್ನು ಇಲಿಗಳಲ್ಲಿ ಸ್ಪಷ್ಟವಾಗಿ ತೋರಿಸಿದರು. ಬೆನ್ನುಹುರಿ ಪೂರ್ತಿ ಕಡಿದ ಇಲಿಗಳಲ್ಲಿ ತಂತುಗಳನ್ನು ಗಾಯದಾಚೆಗೆ ಬೆಳೆಸಿದರೂ ನಡಿಗೆ ಬರಲಿಲ್ಲ. ನಡಿಗೆಗೆ ಸಂಬಂಧಿಸಿದ ನಿರ್ದಿಷ್ಟ ನರಕೋಶಗಳನ್ನು ಆರಿಸಿ, ಅವುಗಳ ಸಹಜ ಗುರಿಯ ಜಾಗದಲ್ಲಿ ಸೆಳೆಯುವ ಪ್ರೋಟೀನ್ ಇಟ್ಟು ತಂತುಗಳನ್ನು ಅಲ್ಲಿಗೇ ಕರೆದೊಯ್ದಾಗ ಇಲಿಗಳು ಗಮನಾರ್ಹವಾಗಿ ನಡೆದವು. ಇತ್ತೀಚಿನ ವರ್ಷಗಳಲ್ಲಿ ನಾನು ಅತ್ಯಂತ ಮಹತ್ವದ್ದೆಂದು ಭಾವಿಸುವ ಪ್ರಯೋಗ ಇದೇ.

ಗುರಿ ಮುಟ್ಟಿದ ತಂತು ಅಲ್ಲಿ ಸಂಪರ್ಕ ಕಟ್ಟಬೇಕು, ಮಯಲಿನ್ ಹೊದಿಕೆ ಪಡೆಯಬೇಕು, ನಂತರ ತರಬೇತಿಯಿಂದ ಪಳಗಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ಅಪೂರ್ಣ ಗಾಯಗಳಲ್ಲಿ ಉಳಿದ ತಂತುಗಳು ಇದ್ದೂ ಕೆಲಸ ಮಾಡದಿರಬಹುದು. ಗಾಯದ ನಂತರ ಕೆಸಿಸಿ2 ಎಂಬ ಪ್ರೋಟೀನ್ ತಗ್ಗುವುದು ಇದಕ್ಕೊಂದು ಕಾರಣ. ಇಲಿಗಳಲ್ಲಿ ಅದನ್ನು ಮತ್ತೆ ಹೆಚ್ಚಿಸಿದಾಗ ಹೊಸ ತಂತು ಬೆಳೆಯದೆಯೇ, ಸುಮ್ಮನಾಗಿದ್ದ ಸಂಪರ್ಕಗಳು ಎಚ್ಚೆತ್ತು ಹೆಜ್ಜೆ ಮೂಡಿತು.

ಪ್ರೋಟೀನ್ ಪುಡಿ ಕುಡಿದರೆ ನರಕ್ಕೆ ಒಳ್ಳೆಯದೇ?

ಇಲ್ಲ. ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಅಮಿನೊ ಆಮ್ಲಗಳಾಗಿ ಒಡೆಯುತ್ತದೆ. ಒತ್ತಡದ ಹುಣ್ಣುಗಳು ಮಾಯಲು, ಸ್ನಾಯು ಕರಗದಿರಲು ಸಾಕಷ್ಟು ಪೌಷ್ಟಿಕ ಆಹಾರ ಬೇಕೇ ಬೇಕು. ಆದರೆ ಯಾವ ಪುಡಿಯೂ ಬೆನ್ನುಹುರಿಯಲ್ಲಿ ತಂತು ಚಿಗುರಿಸುವುದಿಲ್ಲ.

ವ್ಯಾಯಾಮದಿಂದ ಈ ಪ್ರೋಟೀನ್‌ಗಳು ಹೆಚ್ಚುತ್ತವೆಯೇ?

ಪ್ರಾಣಿಗಳಲ್ಲಿ ನಿಯಮಿತ ನಡಿಗೆಯ ತರಬೇತಿ ಬೆನ್ನುಹುರಿಯ ಬಿಡಿಎನ್‌ಎಫ್ ಮಟ್ಟವನ್ನು ಏರಿಸುತ್ತದೆ. ಮನುಷ್ಯರಲ್ಲಿ ಪುನಶ್ಚೇತನ ತರಬೇತಿ ಉಳಿದ ಸಂಪರ್ಕಗಳನ್ನು ಬಲಪಡಿಸುತ್ತದೆ. ಫಿಸಿಯೋಥೆರಪಿಯನ್ನು ‘ಔಷಧ ಬರುವವರೆಗಿನ ಕಾಲಹರಣ’ ಎಂದು ಕಾಣುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ನಾಳೆ ಯಾವ ಔಷಧ ಬಂದರೂ ಅದು ಬೆಳೆಸಿದ ತಂತುವಿಗೆ ಕೆಲಸ ಕಲಿಸುವುದು ತರಬೇತಿಯೇ. ಕೀಲುಗಳು ಬಿಗಿದು, ಸ್ನಾಯು ಕರಗಿಹೋಗಿದ್ದರೆ ತಂತು ಬೆಳೆದರೂ ಕೈಕಾಲು ಆಡದು.

ಗಾಯವಾಗಿ ವರ್ಷಗಳೇ ಕಳೆದಿವೆ. ನನಗೂ ಆಸೆ ಇದೆಯೇ?

ಹೆಚ್ಚಿನ ಪ್ರಯೋಗಗಳು ಹೊಸ ಗಾಯಗಳ ಮೇಲೆ ನಡೆದಿವೆ, ಏಕೆಂದರೆ ಆಗ ತಂತು ಹಿಂದೆ ಸರಿದಿರುವುದಿಲ್ಲ, ಕಲೆ ಗಟ್ಟಿಯಾಗಿರುವುದಿಲ್ಲ. ಆದರೂ ಹಳೆಯ ಗಾಯದ ನರಕೋಶ ಬೆಳೆಯುವುದನ್ನು ಪೂರ್ತಿ ಮರೆತಿರುವುದಿಲ್ಲ. ಗಾಯವಾಗಿ ಒಂದು ವರ್ಷವಾದ ಇಲಿಗಳಲ್ಲೂ ಪಿಟೆನ್ ಅಳಿಸಿದಾಗ ತಂತು ಬೆಳೆದಿದೆ. ಪ್ರೋಟೀನ್ ಚಿಕಿತ್ಸೆಗಿಂತ ಮೊದಲು ಹಳೆಯ ಗಾಯದವರನ್ನು ತಲುಪಿರುವುದು ವಿದ್ಯುತ್ ಪ್ರಚೋದನೆ. ಚರ್ಮದ ಮೇಲಿನಿಂದ ಬೆನ್ನುಹುರಿಯನ್ನು ಪ್ರಚೋದಿಸಿ, ತರಬೇತಿಯ ಜೊತೆಗೆ ಕೈಗಳ ಬಲ ಮತ್ತು ಸಂವೇದನೆಯನ್ನು ಸುಧಾರಿಸುವ ಸಾಧನವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ಅಪೂರ್ಣ ಗಾಯದವರಿಗೆ, ದೀರ್ಘಕಾಲದ ನಂತರವೂ ಇದು ಅನ್ವಯಿಸುತ್ತದೆ.

ಹೊಸದಾಗಿ ಗಾಯವಾದವರಿಗೆ ಇಂದು ಏನು ಮಾಡಬಹುದು?

ಬೆನ್ನು ಅಲುಗದಂತೆ ಎಚ್ಚರದಿಂದ ಆಸ್ಪತ್ರೆಗೆ ಸಾಗಿಸುವುದು, ಒತ್ತಡಕ್ಕೆ ಸಿಕ್ಕ ಬೆನ್ನುಹುರಿಯನ್ನು ಶಸ್ತ್ರಚಿಕಿತ್ಸೆಯಿಂದ ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಗಳೊಳಗೆ ಬಿಡಿಸುವುದು, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು. ಇವು ಸುದ್ದಿಯಾಗುವ ಚಿಕಿತ್ಸೆಗಳಲ್ಲ, ಆದರೆ ಎಷ್ಟು ತಂತುಗಳು ಉಳಿಯುತ್ತವೆ ಎಂಬುದು ಹೆಚ್ಚಾಗಿ ಇವುಗಳ ಮೇಲೆಯೇ ನಿಂತಿದೆ.

ದುಡ್ಡು ಕೊಟ್ಟರೆ ನರ ಬೆಳೆಸುವ ಕೋಶ ಚಿಕಿತ್ಸೆ ಕೊಡುತ್ತೇವೆ ಎನ್ನುತ್ತಾರೆ. ಹೋಗಬಹುದೇ?

ನಿಜವಾದ ಸಂಶೋಧನಾ ಪರೀಕ್ಷೆಯಲ್ಲಿ ಪ್ರಯೋಗದ ಔಷಧಕ್ಕಾಗಿ ರೋಗಿಯಿಂದ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಪರೀಕ್ಷೆ ಸಾರ್ವಜನಿಕವಾಗಿ ನೋಂದಣಿಯಾಗಿದೆಯೇ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪಿದೆಯೇ, ಅಪಾಯಗಳನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ ಎಂದು ಕೇಳಿ. ಉತ್ತರಿಸಲು ಹಿಂಜರಿದರೆ ಎದ್ದು ಬನ್ನಿ. ಮೂಗಿನ ಒಳಪದರದ ಅಂಗಾಂಶವನ್ನು ಬೆನ್ನುಹುರಿಗೆ ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬರಿಗೆ ಎಂಟು ವರ್ಷಗಳ ನಂತರ ಅದೇ ಜಾಗದಲ್ಲಿ ಗಡ್ಡೆ ಬೆಳೆದು ಶಸ್ತ್ರಚಿಕಿತ್ಸೆ ಬೇಕಾಯಿತು ಎಂದು 2014ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಇನ್ನೊಂದು ವಿಷಯ: ಇಂಥ ಕಸಿ ಮಾಡಿಸಿಕೊಂಡವರನ್ನು ಮುಂದಿನ ನಿಜವಾದ ಪರೀಕ್ಷೆಗಳು ಹಲವು ವೇಳೆ ಸೇರಿಸಿಕೊಳ್ಳುವುದಿಲ್ಲ. ಹೋಗುವ ಮೊದಲು ನಿಮ್ಮ ಪುನಶ್ಚೇತನ ವೈದ್ಯರ ಬಳಿ ಆ ಕಾಗದಪತ್ರಗಳನ್ನು ಒಮ್ಮೆ ತೋರಿಸಿ.